ಪೇಟೆ ಯಾರದು? ಗಂಗಾವತಿ, ಕೊಪ್ಪಳ ಮತ್ತು ನಡುಪೇಟೆಯ ಪ್ರಶ್ನೆ

2011ರ ಜನಗಣತಿಯ ಪ್ರಕಾರ ಕೊಪ್ಪಳ ಜಿಲ್ಲೆಯ ಸುಮಾರು 13.9 ಲಕ್ಷ ಜನರಲ್ಲಿ ಪಟ್ಟಣಗಳಲ್ಲಿ ವಾಸಿಸುವವರು 100ಕ್ಕೆ 17 ಮಂದಿ ಮಾತ್ರ. ಗಂಗಾವತಿಯಲ್ಲಿ ಆಗ 1 ಲಕ್ಷ 14 ಸಾವಿರ ಜನರಿದ್ದರು, ಜಿಲ್ಲಾ ಕೇಂದ್ರವಾದ ಕೊಪ್ಪಳದಲ್ಲಿ 70 ಸಾವಿರ. ಈ ಊರುಗಳ ರಸ್ತೆ, ಚರಂಡಿ, ಮಾರುಕಟ್ಟೆಗಳಿಗೆ ಯೋಜನೆ ಹಾಕುವವರು ಲೆಕ್ಕಕ್ಕೆ ಹಿಡಿಯುವುದು ಈ ಎರಡನೆಯ ಅಂಕಿಗಳನ್ನೇ. ಆದರೆ ಬೆಳಗಿನ ಬಸ್ಸುಗಳು ಬಂದು ನಿಂತ ಮೇಲೆ ಪೇಟೆಯಲ್ಲಿ ತುಂಬಿಕೊಳ್ಳುವವರು ಆ ಉಳಿದ 83 ಮಂದಿಯ ಕಡೆಯವರು: ಬೀಜ ಗೊಬ್ಬರಕ್ಕೆ ಬಂದವರು, ಬಂಗಾರ ಅಡವಿಡಲು ಬಂದವರು, ಪಹಣಿ ತಿದ್ದುಪಡಿಗೆ ತಹಶೀಲ್ದಾರ ಕಚೇರಿ ಹತ್ತಿದವರು, ಮದುವೆ ಜವಳಿ ಹಾಕಿಸಲು ಮನೆಮಂದಿಯೆಲ್ಲ ಕೂಡಿ ಬಂದವರು. ಇಂಥ ಊರಿನ ನಡುಪೇಟೆ ಕಿಕ್ಕಿರಿದಿದೆ, ಕೊಳಕಾಗಿದೆ, ವ್ಯಾಪಾರ ಮೊದಲಿನಂತಿಲ್ಲ ಎಂಬ ದೂರು ಮೂರು ನಾಲ್ಕು ದಶಕಗಳದ್ದು. ಅದಕ್ಕೆ ಕೊಟ್ಟ ಉತ್ತರಗಳೂ ಹಲವು. ಆ ಉತ್ತರಗಳನ್ನು ಒಂದೊಂದಾಗಿ ಪರಿಶೀಲಿಸುವುದು ಈ ಲೇಖನದ ಕೆಲಸ. ಪರಿಶೀಲನೆಗೆ ನಾನು ಹಿಡಿದಿರುವ ಅಳತೆಯನ್ನು ಮೊದಲೇ ಹೇಳಿಬಿಡುತ್ತೇನೆ. ಮರಳಿಯಂಥ ಹಳ್ಳಿಯಿಂದ ಗಂಗಾವತಿಗೆ ಬಂದವರಿಗೆ ಒಂದೇ ಸಲ ಬಂದು ಹೋಗುವುದರಲ್ಲಿ ಎಷ್ಟು ಕೆಲಸ ಮುಗಿಯುತ್ತದೆ ಎಂಬುದರ ಮೇಲೆ ಪೇಟೆಯ ಜೀವ ನಿಂತಿದೆ. ಯಾವ ಯೋಜನೆ ಈ ಸಂಖ್ಯೆಯನ್ನು ಕಡಿಮೆ ಮಾಡುತ್ತದೋ ಅದು, ಎಷ್ಟೇ ಚೆಂದದ ಕಲ್ಲು ಹಾಸಿದರೂ, ಪೇಟೆಯನ್ನು ಸೊರಗಿಸುತ್ತದೆ.

ಕಾಲುವೆ ಬೆಳೆಸಿದ ಊರು, ಕಚೇರಿ ಬೆಳೆಸಿದ ಊರು

ಈ ಸೀಮೆಯ ಎರಡು ದೊಡ್ಡ ಊರುಗಳು ಬೆಳೆದ ದಾರಿ ಬೇರೆ ಬೇರೆ. ಗಂಗಾವತಿಯ ನೆರೆಯಲ್ಲಿ ವಿಜಯನಗರ ಕಾಲದ ಕಾಲುವೆಗಳು ಮೊದಲೇ ಇದ್ದವು. ಆದರೆ ಅದನ್ನು ಭತ್ತದ ಕಣಜ ಮಾಡಿದ್ದು ತುಂಗಭದ್ರಾ ಅಣೆಕಟ್ಟು. 1945ರಲ್ಲಿ ಶುರುವಾಗಿ 1953ರಲ್ಲಿ ಮುಗಿದ ಆ ಕಟ್ಟೆಯಿಂದ ಹೊರಟ ಸುಮಾರು 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಜೋಳದ ಹೊಲಗಳನ್ನು ಗದ್ದೆ ಮಾಡಿತು. ಆಂಧ್ರದಿಂದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು, ಅಕ್ಕಿ ಗಿರಣಿಗಳು ಎದ್ದವು, ನಿಜಾಮರ ಸೀಮೆಯ ವಾಡಿಕೆಯಂತೆ ಧಾನ್ಯದ ಮಾರುಕಟ್ಟೆ ‘ಗಂಜ್’ ಆಗಿ ಬೆಳೆಯಿತು. ಅಡತಿ ಅಂಗಡಿ, ಹಮಾಲರು, ಗೋಣಿಚೀಲದ ವ್ಯಾಪಾರ, ಲಾರಿ ಟ್ರಾನ್ಸ್‌ಪೋರ್ಟ್, ಟ್ರ್ಯಾಕ್ಟರ್ ಬಿಡಿಭಾಗ, ಅದರ ಬೆನ್ನಿಗೆ ಖಾನಾವಳಿ, ಲಾಡ್ಜ್, ಬಂಗಾರದಂಗಡಿ, ಹೀಗೆ ಒಂದರ ಹಿಂದೆ ಒಂದು ಬಂದು ನಡುಪೇಟೆಯಾಯಿತು. ಇಲ್ಲಿ ಯೋಜನೆ ಪೇಟೆಯನ್ನು ಕಟ್ಟಲಿಲ್ಲ. ನೀರು ಕಟ್ಟಿತು, ಯೋಜನೆ ಹಿಂದಿನಿಂದ ಓಡಿ ಬಂತು.

ಕೊಪ್ಪಳದ ಕಥೆ ಕೋಟೆ, ಮಠ ಮತ್ತು ಕಚೇರಿಗಳದು. ಹೈದರಾಬಾದ್ ಸಂಸ್ಥಾನದಲ್ಲಿ ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದ ಈ ಊರು ಹುಬ್ಬಳ್ಳಿ–ಗುಂತಕಲ್ಲು ರೈಲು ಹಾದಿಯ ಮೇಲಿದ್ದರೂ ಬಹುಕಾಲ ತಾಲೂಕು ಊರಾಗಿಯೇ ಉಳಿಯಿತು. 1997ರ ಆಗಸ್ಟ್ 24ರಂದು ರಾಯಚೂರಿನಿಂದ ಬೇರ್ಪಟ್ಟು ಹೊಸ ಜಿಲ್ಲೆಯ ಕೇಂದ್ರವಾದ ಮೇಲೆ ಅದರ ದಿಕ್ಕು ಬದಲಾಯಿತು. ಹಳೆಯ ಪೇಟೆಯಲ್ಲಿ ಜಾಗ ಸಾಲದೆ ಜಿಲ್ಲಾಡಳಿತ ಭವನ ಹೊಸಪೇಟೆ ರಸ್ತೆಗೆ ಹೋಯಿತು. 2015ರಲ್ಲಿ ಬಂದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಹಳೆಯ ಊರಿನ ನಡುವೆ ಬರಲಿಲ್ಲ. ಗಿಣಿಗೇರಾ ಕಡೆಗೆ ಕಬ್ಬಿಣ, ಉಕ್ಕಿನ ಕಾರ್ಖಾನೆಗಳು ಸಾಲುಗಟ್ಟಿದವು. ಜಿಲ್ಲೆ ಆದದ್ದರಿಂದ ಊರು ಬೆಳೆಯಿತು ನಿಜ, ಆದರೆ ಬೆಳೆದದ್ದು ಹೆದ್ದಾರಿಯ ಉದ್ದಕ್ಕೆ. ಕುಷ್ಟಗಿ, ಯಲಬುರ್ಗಾಗಳದು ಇನ್ನೊಂದು ಬಗೆ. ಇವೆರಡೂ ಒಣಬೇಸಾಯದ ತಾಲೂಕುಗಳು, ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿ 2002ರಲ್ಲಿ ‘ಅತ್ಯಂತ ಹಿಂದುಳಿದ’ ಪಟ್ಟಿಗೆ ಸೇರಿಸಿದವು. ಅಲ್ಲಿಯ ಪೇಟೆ ಮಳೆಯನ್ನು ನೋಡಿಕೊಂಡು ತುಂಬುತ್ತದೆ, ಖಾಲಿಯಾಗುತ್ತದೆ.

ಮೊದಲ ಉತ್ತರ: ರಸ್ತೆ ಅಗಲವಾಗಲಿ

ಅಧಿಕಾರಿಗಳಿಗೂ ಜನಪ್ರತಿನಿಧಿಗಳಿಗೂ ಮೊದಲು ಹೊಳೆಯುವ ಉತ್ತರ ಅಗಲೀಕರಣ. ಪೇಟೆ ಸಾಯುತ್ತಿರುವುದು ದಟ್ಟಣೆಯಿಂದ, ಹಾಗಾಗಿ ಎರಡೂ ಬದಿಯ ಕಟ್ಟಡಗಳನ್ನು ಹಿಂದೆ ಸರಿಸಿದರೆ ವ್ಯಾಪಾರ ತಾನಾಗಿ ಚೇತರಿಸಿಕೊಳ್ಳುತ್ತದೆ ಎಂಬುದು ಇದರ ತರ್ಕ. ಇದರಲ್ಲಿ ಸತ್ಯವಿಲ್ಲದಿಲ್ಲ. ಅಗ್ನಿಶಾಮಕ ವಾಹನ ಒಳಗೆ ಹೋಗಲಾಗದ ಓಣಿ ಯಾರಿಗೂ ಬೇಡ. ಹೆದ್ದಾರಿಯ ಲಾರಿಗಳು ಪೇಟೆಯೊಳಗಿಂದ ಹಾಯುವುದನ್ನು ಬೈಪಾಸ್ ತಪ್ಪಿಸಿದರೆ ಅದು ಲಾಭವೇ. ಆದರೆ ಹುಬ್ಬಳ್ಳಿ–ಧಾರವಾಡದಲ್ಲಿ ಆದದ್ದನ್ನು ನೋಡಿ. ಅವಳಿ ನಗರಗಳ ನಡುವಿನ ಸುಮಾರು 22 ಕಿಲೋಮೀಟರ್ ದಾರಿಯನ್ನು ಅಗಲಿಸಿ, ನಡುವೆ ಬಸ್ಸುಗಳಿಗೇ ಮೀಸಲಾದ ಪಥ ಮಾಡಿ, 2018ರ ಅಕ್ಟೋಬರಿನಲ್ಲಿ ಬಿಆರ್‌ಟಿಎಸ್ ಓಡಿಸಲು ಶುರು ಮಾಡಿದರು. 2020ರ ಫೆಬ್ರುವರಿಯಲ್ಲಿ ಅದರ ಅಧಿಕೃತ ಉದ್ಘಾಟನೆ ಆಯಿತು. ಪ್ರಯಾಣ ಬೇಗವಾಯಿತು, ಬಸ್ಸಿನಲ್ಲಿ ಹೋಗುವವರಿಗೆ ಅನುಕೂಲವಾಯಿತು. ಆದರೆ ದಾರಿಯ ಒಂದು ಬದಿಯ ಅಂಗಡಿಗೂ ಇನ್ನೊಂದು ಬದಿಯ ಗಿರಾಕಿಗೂ ನಡುವೆ ಬೇಲಿ ಬಂತು. ಬೇರೆ ವಾಹನಗಳಿಗೆ ಉಳಿದ ಜಾಗ ಸಾಲದೆಂಬ ಜಗಳ ಇನ್ನೂ ಮುಗಿದಿಲ್ಲ. ಅಗಲ ರಸ್ತೆ ವೇಗವನ್ನು ಕೊಡುತ್ತದೆ, ಆದರೆ ಪೇಟೆಗೆ ಬೇಕಾದದ್ದು ಜನ ನಿಲ್ಲುವುದು.

ಸಣ್ಣ ಊರುಗಳಲ್ಲಿ ಅಗಲೀಕರಣಕ್ಕೆ ಇನ್ನೊಂದು ತೊಡಕಿದೆ. ಬೆಂಗಳೂರಿನಂಥ ಕಡೆ ಜಾಗ ಬಿಟ್ಟುಕೊಟ್ಟವರಿಗೆ ಹಣದ ಬದಲು ಅಭಿವೃದ್ಧಿ ಹಕ್ಕಿನ ಪತ್ರ ಕೊಡಲು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಬಿ ಕಲಂ ಅವಕಾಶ ಕೊಡುತ್ತದೆ. ಅಲ್ಲಿ ಆ ಪತ್ರಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿದೆ, ಏಕೆಂದರೆ ಅಲ್ಲಿ ಎತ್ತರಕ್ಕೆ ಕಟ್ಟುವವರಿದ್ದಾರೆ. ನಾಲ್ಕು ಅಂತಸ್ತೇ ಅಪರೂಪವಾದ ಊರಿನಲ್ಲಿ ಆ ಪತ್ರವನ್ನು ಯಾರು ಕೊಳ್ಳುತ್ತಾರೆ? ನಗದು ಪರಿಹಾರ ಕೊಡಲು ನಗರಸಭೆಗೆ ಶಕ್ತಿಯಿಲ್ಲ. ಹಾಗಾಗಿ ಗುರುತು ಹಾಕಿದ ಕೆಂಪು ಬಣ್ಣ ಗೋಡೆಗಳ ಮೇಲೆ ವರ್ಷಗಟ್ಟಲೆ ಉಳಿಯುತ್ತದೆ. ಅಷ್ಟೂ ದಿನ ಅಂಗಡಿಯ ಮಾಲೀಕ ಸುಣ್ಣ ಬಳಿಸುವುದಿಲ್ಲ, ಬಾಡಿಗೆದಾರ ಬಂಡವಾಳ ಹಾಕುವುದಿಲ್ಲ. ಪೇಟೆಯ ಸೊರಗುವಿಕೆಗೆ ಅಗಲೀಕರಣಕ್ಕಿಂತ ಅರ್ಧಕ್ಕೆ ನಿಂತ ಅಗಲೀಕರಣವೇ ಹೆಚ್ಚು ಕಾರಣವಾಗಿರಬಹುದು. ಅಷ್ಟರಲ್ಲಿ ಕಡಿಮೆ ಖರ್ಚಿನ ಕೆಲಸಗಳು ಹಾಗೇ ಉಳಿಯುತ್ತವೆ: ಸರಕು ಇಳಿಸುವ ಹೊತ್ತನ್ನು ನಸುಕಿಗೆ ನಿಗದಿ ಮಾಡುವುದು, ಅಂಗಡಿಯವರೇ ತಮ್ಮ ಬೈಕುಗಳನ್ನು ಬಾಗಿಲ ಮುಂದೆ ದಿನವಿಡೀ ನಿಲ್ಲಿಸುವುದನ್ನು ತಡೆಯುವುದು, ಟಂಟಂಗಳಿಗೆ ಒಂದು ಗೊತ್ತಾದ ತಾಣ ಕೊಡುವುದು.

ಎರಡನೆಯ ಉತ್ತರ: ಊರಾಚೆ ಹಾಕಿ

ಅಗಲಿಸಲು ಆಗದಿದ್ದರೆ ಹೊರಗೆ ಸಾಗಿಸಿ ಎಂಬುದು ಎರಡನೆಯ ಪಂಥ. ಇದು ಹಳೆಯದು, ಎಲ್ಲಕ್ಕಿಂತ ಹೆಚ್ಚು ಪರಿಣಾಮ ಮಾಡಿದ್ದೂ ಇದೇ. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ನಿಯಂತ್ರಣ ಕಾಯ್ದೆ ರೈತನನ್ನು ದಲಾಲರ ಗುಟ್ಟಿನ ವ್ಯವಹಾರದಿಂದ ಬಿಡಿಸಲು ಬಂದದ್ದು. ಬಯಲಿನಲ್ಲಿ ಹರಾಜು, ಸರಿಯಾದ ತೂಕ, ಲೆಕ್ಕದ ಚೀಟಿ, ಇವೆಲ್ಲ ಅದರಿಂದ ಬಂದವು. ಅದರ ಜೊತೆಗೇ ರಾಜ್ಯದ ಊರೂರುಗಳಲ್ಲಿ ಸಗಟು ವ್ಯಾಪಾರ ಹಳೆಯ ಪೇಟೆ ಬಿಟ್ಟು ವಿಶಾಲ ಪ್ರಾಂಗಣಗಳಿಗೆ ಹೊರಟಿತು. ಬಳಿಕ ಬಸ್ ನಿಲ್ದಾಣ, ನ್ಯಾಯಾಲಯ, ಮಿನಿ ವಿಧಾನಸೌಧ, ಸರ್ಕಾರಿ ಆಸ್ಪತ್ರೆಗಳು ಒಂದೊಂದಾಗಿ ಜಾಗ ಅಗ್ಗವಾಗಿ ಸಿಕ್ಕ ಕಡೆಗೆ ಹೋದವು. ಪ್ರತಿ ಸ್ಥಳಾಂತರಕ್ಕೂ ಅದರದೇ ಒಳ್ಳೆಯ ಕಾರಣವಿತ್ತು. ಒಟ್ಟಿಗೆ ಎಲ್ಲವೂ ಏನು ಮಾಡಿದವು ಎಂಬುದನ್ನು ಮಾತ್ರ ಯಾವ ಕಚೇರಿಯೂ ಲೆಕ್ಕ ಹಾಕಲಿಲ್ಲ. ಭತ್ತ ಮಾರಿದ ಕೈಯಲ್ಲೇ ಬಟ್ಟೆ ಕೊಂಡು, ಆಸ್ಪತ್ರೆಯಲ್ಲಿದ್ದ ನಂಟರನ್ನು ಮಾತಾಡಿಸಿ, ಪಹಣಿ ತೆಗೆಸಿಕೊಂಡು ಸಂಜೆಯ ಬಸ್ಸು ಹಿಡಿಯುತ್ತಿದ್ದವನು ಈಗ ಎರಡು ಸಲ ಆಟೋ ಹತ್ತಬೇಕು, ಇಲ್ಲವೇ ಒಂದು ಕೆಲಸವನ್ನು ನಾಳೆಗೆ ಬಿಡಬೇಕು. ಅವನು ಬಿಟ್ಟ ಆ ಕೆಲಸವೇ ಪೇಟೆಯ ನಷ್ಟ.

ಈ ಪಂಥವನ್ನು ತೂಗಿ ನೋಡಲು ಬಾಗಲಕೋಟೆಗಿಂತ ಒಳ್ಳೆಯ ಉದಾಹರಣೆ ಕರ್ನಾಟಕದಲ್ಲಿಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಹಳೆಯ ಊರಿನ ಭಾಗಗಳು ಮುಳುಗುವುದು ಖಚಿತವಾದಾಗ 1980ರ ದಶಕದಲ್ಲಿ ಹೊಸ ಪಟ್ಟಣಕ್ಕೆ ಪ್ರತ್ಯೇಕ ಪ್ರಾಧಿಕಾರ ರಚನೆಯಾಯಿತು. ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ನವನಗರದ ವಿನ್ಯಾಸಕ್ಕೆ ಸಲಹೆಗಾರರಾದರು. ಸೆಕ್ಟರ್‌ಗಳು, ಅಗಲ ರಸ್ತೆ, ಉದ್ಯಾನಕ್ಕೆ ಬಿಟ್ಟ ಜಾಗ, ಶಾಲೆಗೆ ಮೀಸಲು ನಿವೇಶನ, ಎಲ್ಲವೂ ಕಾಗದದ ಮೇಲಿದ್ದಂತೆಯೇ ಬಹುಮಟ್ಟಿಗೆ ಬಂದವು. ಕೊಪ್ಪಳ ಜಿಲ್ಲೆಯಾದ ವರ್ಷವೇ ಬಾಗಲಕೋಟೆಯೂ ಜಿಲ್ಲೆಯಾದ್ದರಿಂದ ಕಚೇರಿಗಳು ನವನಗರದಲ್ಲೇ ನೆಲೆಯೂರಿದವು. ವಾಸಕ್ಕೆ ಅದು ಒಳ್ಳೆಯ ಊರು. ಆದರೆ ಸೀರೆ, ಬಂಗಾರ, ಕಿರಾಣಿಗಳ ದೊಡ್ಡ ವ್ಯಾಪಾರ ಮುಳುಗದೆ ಉಳಿದ ಹಳೆಯ ಪೇಟೆಯಲ್ಲೇ ಗಟ್ಟಿಯಾಗಿ ಕೂತಿತು. ಮನೆಗಳನ್ನು ಎತ್ತಿ ಬೇರೆಡೆ ಕೂರಿಸಬಹುದು, ಕಚೇರಿಯನ್ನು ಆದೇಶದಿಂದ ಕದಲಿಸಬಹುದು. ಅಂಗಡಿ ಮಾತ್ರ ಪಕ್ಕದ ಅಂಗಡಿಯನ್ನು ನೋಡಿಕೊಂಡು ನಿಲ್ಲುತ್ತದೆ, ಒಂಟಿಯಾಗಿ ಹೋಗುವ ಧೈರ್ಯ ಅದಕ್ಕಿಲ್ಲ. ಪೇಟೆ ಒಂದೂರಲ್ಲಿ, ಕಚೇರಿ ಇನ್ನೊಂದೂರಲ್ಲಿ ಎಂಬ ಸ್ಥಿತಿಯಲ್ಲಿ ಹಳ್ಳಿಯಿಂದ ಬಂದವರು ನಡುವೆ ಓಡಾಡುತ್ತಾರೆ. ಬಾಗಲಕೋಟೆಗೆ ಮುಳುಗಡೆಯ ಅನಿವಾರ್ಯವಿತ್ತು. ಕೊಪ್ಪಳ, ಗಂಗಾವತಿಗಳು ಅಂಥ ಅನಿವಾರ್ಯವಿಲ್ಲದೆ ಅದೇ ಹಾದಿಯಲ್ಲಿ ಸಾಗಿವೆ ಎನ್ನುವುದು ನನ್ನ ತಕರಾರು.

ಅಮೆರಿಕದ ಅನುಭವ ಎಲ್ಲಿಯವರೆಗೆ ಬರುತ್ತದೆ

ನಡುಪೇಟೆಯ ಪುನರುಜ್ಜೀವನ ಎಂಬ ಮಾತು ನಮ್ಮ ಯೋಜನಾ ವರದಿಗಳಿಗೆ ಬಂದದ್ದು ಮುಖ್ಯವಾಗಿ ಅಮೆರಿಕದ ನಡುಗಾತ್ರದ ನಗರಗಳಿಂದ. ಅಲ್ಲಿಯ ರೋಗವೇ ಬೇರೆ. 1949 ಮತ್ತು 1954ರ ವಸತಿ ಕಾಯ್ದೆಗಳು ಹಳೆಯ ಕೇರಿಗಳನ್ನು ಕೆಡವಲು ಹಣ ಕೊಟ್ಟವು, 1956ರ ಹೆದ್ದಾರಿ ಕಾಯ್ದೆ ಜನ ಊರ ಹೊರಗೆ ಮನೆ ಮಾಡಿ ಕಾರಿನಲ್ಲಿ ಬರುವಂತೆ ಮಾಡಿತು. ನಡುಪೇಟೆ ಖಾಲಿಯಾಯಿತು. ಅದನ್ನು ಬದುಕಿಸಲು 1959ರಲ್ಲಿ ಮಿಷಿಗನ್‌ನ ಕಲಮಜೂ ನಗರ ಮುಖ್ಯ ಬೀದಿಯನ್ನು ಮುಚ್ಚಿ ಪಾದಚಾರಿಗಳಿಗೆ ಬಿಟ್ಟಿತು. ಆ ಕಲ್ಪನೆಯ ಹಿಂದಿದ್ದವರು ವಿಕ್ಟರ್ ಗ್ರುಯೆನ್. ಊರ ಹೊರಗಿನ ಮಾಲ್‌ಗಳ ಜನಕನೆಂದು ಹೆಸರಾದವರೂ ಅವರೇ ಎಂಬುದು ಈ ಚರಿತ್ರೆಯ ತಮಾಷೆ. ಕ್ಯಾಲಿಫೋರ್ನಿಯಾದ ಫ್ರೆಸ್ನೋ 1964ರಲ್ಲಿ ಅದೇ ದಾರಿ ಹಿಡಿಯಿತು. ನಮಗೆ ಫ್ರೆಸ್ನೋ ಹೆಚ್ಚು ಹತ್ತಿರದ್ದು, ಏಕೆಂದರೆ ಅದೂ ಕಾಲುವೆ ನೀರಿನ ಬೇಸಾಯದ ನಡುವೆ ಬೆಳೆದ ವ್ಯಾಪಾರದ ಊರು. ಮರ, ಕಾರಂಜಿ, ಶಿಲ್ಪಗಳಿಂದ ತುಂಬಿದ ಆ ಬೀದಿ ಪ್ರಶಸ್ತಿಗಳನ್ನು ಗೆದ್ದಿತು, ಗಿರಾಕಿಗಳನ್ನು ಗೆಲ್ಲಲಿಲ್ಲ. ಕಲಮಜೂ 1998ರಲ್ಲಿ ಒಂದಿಷ್ಟು ಭಾಗವನ್ನು, ಫ್ರೆಸ್ನೋ 2017ರಲ್ಲಿ ಪೂರ್ತಿ ಬೀದಿಯನ್ನು ಮತ್ತೆ ವಾಹನಗಳಿಗೆ ತೆರೆದವು. ಇತ್ತ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ನಗರ ನಡುಪೇಟೆಯನ್ನು ಸುತ್ತುವರಿದಿದ್ದ ತನ್ನ ತಗ್ಗು ಹೆದ್ದಾರಿಯ ಪೂರ್ವ ಭಾಗಕ್ಕೆ 2014ರಿಂದ 2017ರ ನಡುವೆ ಮಣ್ಣು ತುಂಬಿಸಿ ಮುಚ್ಚಿತು.

ಇಲ್ಲಿಂದ ನಾವು ತೆಗೆದುಕೊಳ್ಳಬಹುದಾದ ಪಾಠ ಒಂದೇ: ಬರುವ ಕಾರಣಗಳು ಹೊರಟುಹೋದ ಮೇಲೆ ಬೀದಿಯನ್ನು ಸಿಂಗರಿಸಿ ಪ್ರಯೋಜನವಿಲ್ಲ. ಉಳಿದದ್ದು ನಮಗೆ ಹೊಂದುವುದಿಲ್ಲ. ಗಂಗಾವತಿಯ ಪೇಟೆಗೆ ಜನರ ಕೊರತೆಯಿಲ್ಲ, ಕಾರಣಗಳು ಚದುರುತ್ತಿವೆ. ಆದರೂ ನಮ್ಮ ಸುಂದರೀಕರಣ ಯೋಜನೆಗಳು ಅಮೆರಿಕದ ಔಷಧಿಯನ್ನೇ ಕೊಡುತ್ತವೆ. 2015ರ ಜೂನ್ 25ರಂದು ಶುರುವಾಗಿ 2025ರ ಮಾರ್ಚ್‌ಗೆ ಮುಗಿದ ಸ್ಮಾರ್ಟ್ ಸಿಟಿ ಅಭಿಯಾನದಲ್ಲಿ ಕರ್ನಾಟಕದ 7 ನಗರಗಳಿದ್ದವು: ಬೆಂಗಳೂರು, ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು. ಕಲ್ಯಾಣ ಕರ್ನಾಟಕದ ಒಂದೂ ಇರಲಿಲ್ಲ. ಅದನ್ನು ಅನ್ಯಾಯವೆಂದು ಹೇಳುವವರು ಸರಿಯೇ. ಆದರೆ ಆ 7 ನಗರಗಳಲ್ಲಿ ಹಣ ಎಲ್ಲಿ ಹೋಯಿತೆಂದು ನೋಡಿದರೆ ಬೀದಿಯ ಟೈಲ್ಸ್, ದೀಪದ ಕಂಬ, ಬಹುಮಹಡಿ ವಾಣಿಜ್ಯ ಸಂಕೀರ್ಣಗಳೇ ಎದ್ದು ಕಾಣುತ್ತವೆ. ಮೇಲಂತಸ್ತಿನ ಮಳಿಗೆಗೆ ಹಳ್ಳಿಯ ಗಿರಾಕಿ ಹತ್ತುವುದಿಲ್ಲ ಎಂಬುದು ಯಾವ ವ್ಯಾಪಾರಿಗೂ ಗೊತ್ತಿರುವ ವಿಷಯ.

ಮೂರನೆಯ ಉತ್ತರ: ಇದ್ದದ್ದನ್ನು ಉಳಿಸಿ

ಕೆಡವುವ, ಸಾಗಿಸುವ, ಸಿಂಗರಿಸುವ ಮೂವರಿಗೂ ಎದುರಾಗಿ ನಿಂತವರು ಪೇಟೆಯನ್ನು ಇದ್ದಂತೆಯೇ ಅರ್ಥ ಮಾಡಿಕೊಳ್ಳಬೇಕೆನ್ನುವವರು. 1961ರಲ್ಲಿ ಅಮೆರಿಕದ ನಗರಗಳ ಬಗ್ಗೆ ಬರೆದ ಜೇನ್ ಜೇಕಬ್ಸ್ ಇವರ ಮೂಲ. ಹಳೆಯ, ಅಗ್ಗದ ಕಟ್ಟಡಗಳು, ಬೆರಕೆ ಬಳಕೆಗಳು, ದಿನದ ಎಲ್ಲ ಹೊತ್ತಿನಲ್ಲೂ ಜನರ ಸುಳಿದಾಟ, ಇವೇ ಬೀದಿಯ ಬಂಡವಾಳ ಎಂದು ಆಕೆ ವಾದಿಸಿದರು. 1977ರಲ್ಲಿ ಅಲ್ಲಿಯ ಪರಂಪರೆ ಸಂರಕ್ಷಣಾ ಸಂಸ್ಥೆ ಮೂರು ಸಣ್ಣ ಊರುಗಳಲ್ಲಿ ಶುರು ಮಾಡಿದ ‘ಮೇನ್ ಸ್ಟ್ರೀಟ್’ ಪ್ರಯೋಗವೂ ಇದೇ ಜಾಡಿನದು. ದೊಡ್ಡ ಕಾಮಗಾರಿ ಬೇಡ, ಅಂಗಡಿಕಾರರನ್ನು ಒಟ್ಟುಗೂಡಿಸಿ, ಸಣ್ಣ ದುರಸ್ತಿಗಳಿಂದ ಶುರು ಮಾಡಿ ಎಂದು ಅದು ಹೇಳಿತು. ನಮ್ಮಲ್ಲಿ ಈ ಪಂಥಕ್ಕೆ ಸಿಕ್ಕ ದೊಡ್ಡ ಕಾನೂನು 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ. ಸಮೀಕ್ಷೆ ಮಾಡದೆ, ಪಟ್ಟಣ ವ್ಯಾಪಾರ ಸಮಿತಿ ರಚಿಸದೆ ತಳ್ಳುಗಾಡಿಯವರನ್ನು ಎಬ್ಬಿಸುವಂತಿಲ್ಲ ಎನ್ನುತ್ತದೆ ಅದು. 2020ರ ಪಿಎಂ ಸ್ವನಿಧಿ ಸಾಲ ಅವರಿಗೆ ಗುರುತಿನ ಚೀಟಿಯನ್ನೂ ಮೊದಲ ಕಂತಾಗಿ 10 ಸಾವಿರ ರೂಪಾಯಿಯನ್ನೂ ಕೊಟ್ಟಿತು. ಕೂರಲು ಜಾಗವನ್ನು ಮಾತ್ರ ಕೊಡಲಿಲ್ಲ.

ಉಳಿಸುವುದು ಎಂದರೆ ಏನನ್ನು ಉಳಿಸುವುದು ಎಂಬಲ್ಲಿ ಈ ಪಂಥವೇ ಒಡೆದಿದೆ. ಗಂಗಾವತಿಗೆ ನದಿಯಾಚೆಯ ನೆರೆಯಾದ ಹಂಪಿಯಲ್ಲಿ ಇದು ಎಲ್ಲರೂ ನೋಡುವಂತೆ ನಡೆಯಿತು. ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನ ಸಾಲು ಮಂಟಪಗಳಲ್ಲಿ ಅಂಗಡಿ, ಮನೆ, ಖಾನಾವಳಿ ಮಾಡಿಕೊಂಡಿದ್ದ ನೂರಾರು ಕುಟುಂಬಗಳನ್ನು 2011ರ ಜುಲೈನಲ್ಲಿ ತೆರವು ಮಾಡಿ, ಕಡ್ಡಿರಾಂಪುರದಲ್ಲಿ ನಿವೇಶನದ ಭರವಸೆ ಕೊಟ್ಟರು. ಕಲ್ಲನ್ನು ಉಳಿಸಬೇಕೆಂದವರಿಗೆ ಅದು ಸಂರಕ್ಷಣೆ. ಬಜಾರೆಂದರೆ ಕೊಡುಕೊಳ್ಳುವಿಕೆ ಎನ್ನುವವರಿಗೆ ಅದು ಬಜಾರಿನ ಕೊನೆ. ಮೈಸೂರಿನಲ್ಲಿ ಪ್ರಶ್ನೆ ಇನ್ನೂ ಇಕ್ಕಟ್ಟಿನದು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದವು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಬಳಿಕ ಕೆಡವಿ ಕಟ್ಟಬೇಕೋ ದುರಸ್ತಿ ಮಾಡಬೇಕೋ ಎಂಬ ವ್ಯಾಜ್ಯ ವರ್ಷಗಳ ಕಾಲ ನಡೆಯಿತು. ಇಲ್ಲಿ ಉಳಿಸುವವರ ದೌರ್ಬಲ್ಯ ಕಾಣುತ್ತದೆ: ಬಾಡಿಗೆ ದಶಕಗಳ ಹಿಂದಿನದೇ ಆಗಿರುವಾಗ ಕಟ್ಟಡವನ್ನು ನೋಡಿಕೊಳ್ಳುವ ಹಣ ಎಲ್ಲಿಂದ ಬರಬೇಕು ಎಂಬುದಕ್ಕೆ ಅವರಲ್ಲಿ ಉತ್ತರ ಕಡಿಮೆ.

ನಾಲ್ಕನೆಯ ಉತ್ತರ: ಊರನ್ನು ಬಿಟ್ಟು ಸೀಮೆಯನ್ನು ನೋಡಿ

ನನಗೆ ಹೆಚ್ಚು ಒಪ್ಪಿಗೆಯಾಗುವ ಪಂಥ ಪೇಟೆಯಿಂದ ಶುರುವಾಗುವುದೇ ಇಲ್ಲ. 1933ರಲ್ಲಿ ಜರ್ಮನಿಯ ಭೂಗೋಳ ವಿದ್ವಾಂಸ ವಾಲ್ಟರ್ ಕ್ರಿಸ್ಟಾಲರ್ ಊರುಗಳು ಸುತ್ತಲಿನ ಸೀಮೆಗೆ ಒದಗಿಸುವ ಸೇವೆಗಳಿಂದ ಅವುಗಳ ಗಾತ್ರ ತೀರ್ಮಾನವಾಗುತ್ತದೆ ಎಂದು ತೋರಿಸಿದ. ಉಪ್ಪು ಬೆಂಕಿಪೊಟ್ಟಣ ಹಳ್ಳಿಯಲ್ಲೇ ಸಿಗುತ್ತದೆ, ಪಂಪ್‌ಸೆಟ್ ದುರಸ್ತಿಗೆ ಹೋಬಳಿಗೆ, ಬಂಗಾರಕ್ಕೆ ತಾಲೂಕಿಗೆ, ಹೃದಯದ ಚಿಕಿತ್ಸೆಗೆ ಹುಬ್ಬಳ್ಳಿಗೆ ಹೋಗಬೇಕು. ಈ ವಿಚಾರವನ್ನು ನಮ್ಮ ನೆಲಕ್ಕೆ ತಂದವರು ಹೈದರಾಬಾದಿನ ಸಮುದಾಯ ಅಭಿವೃದ್ಧಿ ಸಂಸ್ಥೆಯ ಎಲ್.ಕೆ. ಸೇನ್ ಮತ್ತು ಸಂಗಡಿಗರು. 1971ರಲ್ಲಿ ಪ್ರಕಟವಾದ ಅವರ ಅಧ್ಯಯನ ಮಿರ್ಯಾಲಗೂಡ ತಾಲೂಕಿನದು. ನಾಗಾರ್ಜುನಸಾಗರದ ಎಡದಂಡೆ ಕಾಲುವೆಯ ನೀರು, ಅಕ್ಕಿ ಗಿರಣಿಗಳು, ನಿಜಾಮರ ಸೀಮೆ, ಹೀಗೆ ಗಂಗಾವತಿಗೂ ಅದಕ್ಕೂ ಒಡಹುಟ್ಟಿನ ಹೋಲಿಕೆ ಇದೆ. ಯಾವ ಸೇವೆ ಯಾವ ಊರಿನಲ್ಲಿದ್ದರೆ ಹೆಚ್ಚು ಹಳ್ಳಿಗಳಿಗೆ ಎಟುಕುತ್ತದೆ ಎಂದು ಅವರು ಲೆಕ್ಕ ಹಾಕಿದರು. 1979–80ರಲ್ಲಿ ಕೇಂದ್ರ ಸರ್ಕಾರ ತಂದ ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಸಮಗ್ರ ಅಭಿವೃದ್ಧಿ ಯೋಜನೆಗೆ ಇಂಥ ಚಿಂತನೆಯ ಹಿನ್ನೆಲೆಯಿತ್ತು. 2005ರ ನರ್ಮ್ ಎಂಬ ನಗರ ನವೀಕರಣ ಅಭಿಯಾನ ಬರುವ ಹೊತ್ತಿಗೆ ಗಮನ ಮತ್ತೆ ಮಹಾನಗರಗಳತ್ತ ತಿರುಗಿತು, ಕರ್ನಾಟಕದಲ್ಲಿ ಅದರ ಮುಖ್ಯ ಪಾಲು ಬೆಂಗಳೂರು, ಮೈಸೂರುಗಳದು. 2015ರ ಅಮೃತ್ ಯೋಜನೆಗೆ ಗಂಗಾವತಿ ಸೇರಿತು, ಆದರೆ ಅದು ನೀರು, ಒಳಚರಂಡಿಯ ಯೋಜನೆ. ಊರಿಗೂ ಹಳ್ಳಿಗೂ ಇರುವ ನಂಟು ಅದರ ವಿಷಯವಲ್ಲ.

ಈ ಕಣ್ಣಿನಿಂದ ನೋಡಿದರೆ ಗಂಗಾವತಿಯ ಪೇಟೆಗೆ ಕಳೆದ ಹತ್ತು ವರ್ಷಗಳಲ್ಲಿ ಆದ ದೊಡ್ಡ ಘಟನೆಗಳು ಪೇಟೆಯಲ್ಲಿ ಆಗಿಯೇ ಇಲ್ಲ. 2018ರ ಹೊತ್ತಿಗೆ ಕಾರಟಗಿ, ಕನಕಗಿರಿಗಳು ಗಂಗಾವತಿಯಿಂದಲೂ ಕುಕನೂರು ಯಲಬುರ್ಗಾದಿಂದಲೂ ಬೇರೆಯಾಗಿ ತಾಲೂಕುಗಳಾದವು. ತಹಶೀಲ್ದಾರ ಕಚೇರಿಗೆ ಬರುತ್ತಿದ್ದವರ ಒಂದು ದೊಡ್ಡ ಪಾಲು ದಿಕ್ಕು ಬದಲಿಸಿತು. 2019ರಲ್ಲಿ ಗಿಣಿಗೇರಾ–ಮೆಹಬೂಬನಗರ ಮಾರ್ಗದ ರೈಲು ಗಂಗಾವತಿಗೆ ಬಂತು, ಆಮೇಲೆ ಕಾರಟಗಿ ದಾಟಿ ಸಿಂಧನೂರಿಗೆ ಹೋಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಹೆಣ್ಣುಮಕ್ಕಳ ಬಸ್ ಖರ್ಚನ್ನು ಸೊನ್ನೆ ಮಾಡಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಗಿರಣಿಯಿಂದ ಬಂಗಾರದಂಗಡಿಯವರೆಗೆ ಎಲ್ಲರೂ ಕಂಗಾಲಾದದ್ದು ಸುಮ್ಮನೆ ಅಲ್ಲ. ಅಚ್ಚುಕಟ್ಟಿಗೆ ನೀರಿಲ್ಲದ ವರ್ಷ ಪೇಟೆಯ ರಸ್ತೆ ಎಷ್ಟು ಅಗಲವಿದ್ದರೂ ಒಂದೇ.

ಆದರೆ ಇದನ್ನೇ ಕೊನೆಯವರೆಗೆ ಎಳೆದರೆ ಪೇಟೆಗೆ ಏನೂ ಮಾಡಬೇಕಿಲ್ಲ, ನೀರು ಬಂದರೆ ಸಾಕು ಎಂಬ ಸೋಮಾರಿತನಕ್ಕೆ ಬಂದು ನಿಲ್ಲುತ್ತೇವೆ. ಅದು ತಪ್ಪು. ಹಳ್ಳಿಯ ಕೈಯಲ್ಲಿ ದುಡ್ಡು ಇದ್ದಾಗಲೂ ಆ ದುಡ್ಡು ಹೊಸಪೇಟೆಗೋ ಹುಬ್ಬಳ್ಳಿಗೋ ಹೋಗುತ್ತದೆಯೋ ಇಲ್ಲೇ ನಿಲ್ಲುತ್ತದೆಯೋ ಎಂಬುದನ್ನು ತೀರ್ಮಾನಿಸುವುದು ಪೇಟೆಯ ಏರ್ಪಾಡು. ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಯಿತು, ಪೇಟೆಯಲ್ಲಿ ಅವರಿಗೆ ಶುಚಿಯಾದ ಶೌಚಾಲಯ ಇಲ್ಲದಿದ್ದರೆ ಎರಡು ತಾಸಿನಲ್ಲಿ ಅವರು ಮರಳಿ ಬಸ್ಸು ಹತ್ತುತ್ತಾರೆ. ಆ ಎರಡು ತಾಸನ್ನು ನಾಲ್ಕು ತಾಸು ಮಾಡುವುದು ಯಾವ ಮೇಲ್ಸೇತುವೆಗಿಂತಲೂ ವ್ಯಾಪಾರಕ್ಕೆ ಹೆಚ್ಚಿನದು. ಇದನ್ನು ಯಾವ ವಿಸ್ತೃತ ಯೋಜನಾ ವರದಿಯೂ ವ್ಯಾಪಾರದ ಬಾಬತ್ತಿನಲ್ಲಿ ಲೆಕ್ಕಿಸುವುದಿಲ್ಲ, ನೈರ್ಮಲ್ಯದ ಪುಟಕ್ಕೆ ತಳ್ಳುತ್ತದೆ.

ನಗರಸಭೆಯ ಕೈ

ಇಷ್ಟಕ್ಕೂ ಇವನ್ನೆಲ್ಲ ಮಾಡುವವರು ಯಾರು? 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರ ಯೋಜನೆಯನ್ನು ಸ್ಥಳೀಯ ಸಂಸ್ಥೆಗಳ ವಿಷಯವೆಂದಿತು. ನಡೆದದ್ದು ಬೇರೆ. ನಕ್ಷೆ ಯೋಜನಾ ಪ್ರಾಧಿಕಾರದ್ದು, ಮುಖ್ಯ ರಸ್ತೆ ಲೋಕೋಪಯೋಗಿ ಅಥವಾ ಹೆದ್ದಾರಿಯವರದು, ಬಸ್ ನಿಲ್ದಾಣ ಸಾರಿಗೆ ನಿಗಮದ್ದು, ಗಂಜ್ ಮಾರುಕಟ್ಟೆ ಸಮಿತಿಯದು, ದೊಡ್ಡ ಹಣ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯದು. ಕಸ ಮಾತ್ರ ನಗರಸಭೆಯದು. 2018ರಲ್ಲಿ ಚುನಾವಣೆ ನಡೆದ ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿಯ ವ್ಯಾಜ್ಯದಿಂದ 2020ರವರೆಗೆ ಅಧ್ಯಕ್ಷರೇ ಇರಲಿಲ್ಲ, ಎರಡನೆಯ ಅವಧಿಯಲ್ಲೂ ಹೀಗೇ ಆಯಿತು. ಆಡಳಿತಾಧಿಕಾರಿಯ ಕೈಯಲ್ಲಿ ಪೇಟೆ ಕಡತವಾಗುತ್ತದೆ. ಅಧಿಕಾರ ಹಂಚಿಹೋದದ್ದೇ ಮೂಲ ರೋಗ ಎನ್ನುವ ಆಡಳಿತ ಸುಧಾರಕರ ಮಾತಿನಲ್ಲಿ ಬಹಳಷ್ಟು ನಿಜವಿದೆ. ಒಂದು ಕೊಂಕು ಮಾತ್ರ ಉಳಿಯುತ್ತದೆ: ಬಲಿಷ್ಠ ನಗರಸಭೆ ಬಂದರೂ ಅದಕ್ಕೆ ಮತ ಹಾಕುವವರು ಊರಿನವರು, ಪೇಟೆಗೆ ಬರುವವರಲ್ಲ.

ಎರಡು ಆಕ್ಷೇಪಗಳು

ಹಳ್ಳಿಯವರ ಅನುಕೂಲವನ್ನೇ ಅಳತೆಗೋಲು ಮಾಡಿದರೆ ಊರಿನವರ ಪಾಡೇನು ಎಂಬುದು ಮೊದಲ ಆಕ್ಷೇಪ. ತೆರಿಗೆ ಕಟ್ಟುವವರು ಅವರು, ಧೂಳು ಕುಡಿಯುವವರೂ ಅವರೇ. ಇದಕ್ಕೆ ಅರ್ಧ ಉತ್ತರವಷ್ಟೇ ನನ್ನಲ್ಲಿದೆ. ನಡುಪೇಟೆಯ ನಿವೇಶನಕ್ಕೆ, ನಗರಸಭೆಯ ಮಳಿಗೆಗೆ ಬೆಲೆ ಬಂದದ್ದೇ ಹಳ್ಳಿಯ ಗಿರಾಕಿಯಿಂದ. ಆ ಬೆಲೆಯ ಮೇಲೆಯೇ ಊರಿನ ತೆರಿಗೆ ನಿಂತಿದೆ. ಹಮಾಲರು, ಆಟೋದವರು, ತಳ್ಳುಗಾಡಿಯವರು, ಅಂದರೆ ಊರಿನ ಬಡವರಲ್ಲಿ ದೊಡ್ಡ ಪಾಲು, ಅದೇ ಗಿರಾಕಿಯನ್ನು ನಂಬಿದವರು. ಆದರೆ ಪೇಟೆಗೆ ಒತ್ತಿಕೊಂಡಿರುವ ವಾರ್ಡುಗಳ ಚರಂಡಿ, ಗದ್ದಲ, ಗಾಡಿ ನಿಲುಗಡೆಯ ಭಾರವನ್ನು ಅಲ್ಲಿಯ ಮನೆಗಳೇ ಹೊರಬೇಕು ಎಂಬ ಮಾತಿಗೆ ಅಂಕಿ ಅಂಶಗಳಿಂದ ಸಮಾಧಾನ ಹೇಳಲಾಗದು.

ಎರಡನೆಯದು ಹೆಚ್ಚು ಹರಿತವಾದದ್ದು. ಮೊಬೈಲ್ ಬಂದ ಮೇಲೆ ಈ ಬಂದುಹೋಗುವಿಕೆಯೇ ನಿಲ್ಲುತ್ತದೆ, ಕಳೆದುಹೋಗುತ್ತಿರುವುದಕ್ಕೆ ಯಾಕೆ ಊರು ಕಟ್ಟಬೇಕು? ಚರಿತ್ರೆ ಇದನ್ನು ಪೂರ್ತಿ ಒಪ್ಪುವುದಿಲ್ಲ. 2000ದಲ್ಲಿ ಬಂದ ‘ಭೂಮಿ’ ಗಣಕೀಕರಣ ಪಹಣಿಯನ್ನು ಗ್ರಾಮಲೆಕ್ಕಿಗರ ಕೈಯಿಂದ ತಾಲೂಕಿನ ಕಿಟಕಿಗೆ ತಂದು, ಹಳ್ಳಿಯವರನ್ನು ಪೇಟೆಗೆ ಹೆಚ್ಚೇ ಬರಿಸಿತು. ಎರಡು ದಶಕ ಕಳೆದು ಹಳ್ಳಿಯಲ್ಲೇ ಸರ್ಕಾರಿ ಸೇವೆ ಕೊಡುವ ಗ್ರಾಮ ಒನ್ ಕೇಂದ್ರಗಳು ಬಂದ ಮೇಲೆ ಅದರಲ್ಲಿ ಕೆಲವು ಕೆಲಸ ಹಳ್ಳಿಗೆ ಮರಳಿತು. ಕಾಗದದ ಕೆಲಸ ಕಡಿಮೆಯಾಗುವುದು ಖಂಡಿತ, ಮೊಬೈಲ್, ಚಪ್ಪಲಿ, ಬಟ್ಟೆಯ ಒಂದು ಪಾಲು ಆನ್‌ಲೈನಿಗೆ ಹೋಗಿದೆ. ಕೈಯಿಂದ ಮುಟ್ಟಿ, ಚೌಕಾಶಿ ಮಾಡಿ, ಉದ್ರಿ ಹೇಳಿ ಕೊಳ್ಳುವ ವ್ಯವಹಾರ ಹಾಗೆ ಹೋಗಿಲ್ಲ. ಗೊಬ್ಬರದಂಗಡಿಯ ಉದ್ರಿ ಸುಗ್ಗಿಯವರೆಗೆ ನಿಲ್ಲುತ್ತದೆ, ಆ ನಂಬಿಕೆಯನ್ನು ಯಾವ ಆ್ಯಪೂ ಇನ್ನೂ ಕೊಟ್ಟಿಲ್ಲ. ಪೇಟೆ ಸಣ್ಣದಾಗಬಹುದು ಎಂಬುದನ್ನು ಒಪ್ಪುತ್ತೇನೆ. ಆಗ ಉಳಿದ ಕೆಲಸಗಳು ಹತ್ತಿರ ಹತ್ತಿರ ಇರುವುದು ಇನ್ನೂ ಮುಖ್ಯವಾಗುತ್ತದೆ.

ಇತ್ಯರ್ಥವಾಗದೆ ಉಳಿದವು

ಬಹಳಷ್ಟು ಪ್ರಶ್ನೆಗಳು ತೆರೆದೇ ಇವೆ. ಅರ್ಧಕ್ಕೆ ನಿಂತ ಅಗಲೀಕರಣಗಳಿಗೆ ಪರಿಹಾರದ ಹಣ ಯಾರು ಕೊಡಬೇಕು, ಕೊಡಲಾಗದಿದ್ದರೆ ಕೆಂಪು ಗುರುತನ್ನು ಅಳಿಸಿ ಮಾಲೀಕರನ್ನು ಬಿಡುಗಡೆ ಮಾಡುವ ಧೈರ್ಯ ಯಾರಿಗಿದೆ ಎಂಬುದು ಒಂದು. ನಗರಸಭೆಯ ಮಳಿಗೆಗಳನ್ನು ಮರುಹರಾಜು ಹಾಕಿದರೆ ಆದಾಯ ಏರುತ್ತದೆ, ಆದರೆ ತಲೆಮಾರುಗಳಿಂದ ಕುಳಿತ ಸಣ್ಣ ವ್ಯಾಪಾರಿ ಎದ್ದು ಹೋಗಿ ದೊಡ್ಡ ಬಂಡವಾಳದ ಅಂಗಡಿ ಬರುತ್ತದೆ. ಇವೆರಡರಲ್ಲಿ ಯಾವುದು ಪೇಟೆಗೆ ಹಿತವೆಂಬ ಬಗ್ಗೆ ಉಳಿಸುವವರಲ್ಲೇ ಒಮ್ಮತವಿಲ್ಲ. 2020ರಲ್ಲಿ ಮಾರುಕಟ್ಟೆ ಕಾಯ್ದೆಗೆ ಬಂದ ತಿದ್ದುಪಡಿ ಪ್ರಾಂಗಣದ ಹೊರಗಿನ ಖರೀದಿಗೂ ದಾರಿ ಮಾಡಿತು. ಗಿರಣಿಯ ಬಾಗಿಲಲ್ಲೇ ಭತ್ತ ಮಾರಾಟವಾಗುವುದು ಮಾಮೂಲಾದರೆ ಗಂಜ್ ಇನ್ನು ಯಾವ ಕೆಲಸಕ್ಕೆ, ಅದರ ಜಾಗ ಯಾವ ಬಳಕೆಗೆ ಎಂಬುದು ಚರ್ಚೆಗೇ ಬಂದಿಲ್ಲ.

ಉಳಿದ ಎರಡು ಪ್ರಶ್ನೆಗಳು ಮುಂದಿನ ಕೆಲವೇ ವರ್ಷಗಳಲ್ಲಿ ತೀರ್ಮಾನವಾಗುವಂಥವು. ಗಂಗಾವತಿಯನ್ನು ಕೇಂದ್ರ ಮಾಡಿ ಕಿಷ್ಕಿಂಧಾ ಜಿಲ್ಲೆ ರಚಿಸಬೇಕೆಂಬ ಬೇಡಿಕೆಯಿದೆ. ಅದು ಈಡೇರಿದರೆ ಕಚೇರಿಗಳನ್ನು ಊರೊಳಗೆ ಹಳೆಯ ಸರ್ಕಾರಿ ಜಾಗಗಳಲ್ಲಿ ಕಟ್ಟುತ್ತಾರೋ, ಕೊಪ್ಪಳದಂತೆ ಹೆದ್ದಾರಿಯ ಬದಿಗೆ ಒಯ್ಯುತ್ತಾರೋ ಎಂಬ ಮಾತು ಬೇಡಿಕೆ ಇಡುವವರ ಬಾಯಲ್ಲೂ ಇಲ್ಲ. ಇನ್ನೊಂದು ರೈಲಿನದು. 2025ರ ಮೇ ತಿಂಗಳಲ್ಲಿ ಗದಗ–ವಾಡಿ ಮಾರ್ಗದ ಮೊದಲ ರೈಲು ಕುಷ್ಟಗಿಗೆ ಬಂತು. ಒಣಬೇಸಾಯದ ತಾಲೂಕಿನವರು ಆ ರೈಲು ಹತ್ತಿ ಹುಬ್ಬಳ್ಳಿಯ ಪೇಟೆಗೆ ಹೋಗುತ್ತಾರೋ, ಅದೇ ರೈಲು ಕುಷ್ಟಗಿಗೆ ಹೊಸ ಗಿರಾಕಿಗಳನ್ನು ತರುತ್ತದೋ? ಪೇಟೆಗೂ ನಿಲ್ದಾಣಕ್ಕೂ ನಡುವೆ ಓಡಾಡುವ ವಾಹನ ಯಾರ ಹೊಣೆ? ನಿಲ್ದಾಣದ ಸುತ್ತಲಿನ ಹೊಲಗಳು ಲೇಔಟುಗಳಾಗುವ ಮುಂಚೆ ಅಲ್ಲಿಗೆ ಯಾವ ಕಚೇರಿ, ಯಾವ ಮಾರುಕಟ್ಟೆ ಹೋಗಕೂಡದು ಎಂದು ನಕ್ಷೆಯಲ್ಲಿ ಬರೆಯುವ ಅಧಿಕಾರ ಪುರಸಭೆಗಿದೆಯೇ, ಯೋಜನಾ ಪ್ರಾಧಿಕಾರಕ್ಕಿದೆಯೇ, ರೈಲ್ವೆಯೂ ಒಂದು ಮಾತು ಹೇಳಬೇಕೇ ಎಂಬುದೂ ತೀರ್ಮಾನವಾಗಬೇಕಿದೆ.